ಇದು ಬಿಟ್ಟಿ ಚಾಕರಿಯಲ್ಲ

ಸಂಬಳವಿಲ್ಲದ ಕೆಲಸ ನಮ್ಮ ಕೇರಿಗೆ ಹೊಸದಲ್ಲ. ಊರಲ್ಲಿ ದನ ಸತ್ತರೆ ಹೊತ್ತವರು ನಮ್ಮವರು. ಹಬ್ಬಕ್ಕೆ ತಮಟೆ ಬಡಿದವರು, ಸಾವಿನ ಸುದ್ದಿ ಹೊತ್ತು ಹಳ್ಳಿಯಿಂದ ಹಳ್ಳಿಗೆ ನಡೆದವರೂ ನಮ್ಮವರೇ. ಕೇಳಿದರೆ ಒಂದು ಮೊರ ರಾಗಿ, ಇಲ್ಲವೇ ಬೈಗುಳ. 1928ರಲ್ಲಿ ಬಾಬಾಸಾಹೇಬರು ಮುಂಬಯಿ ಶಾಸನಸಭೆಯಲ್ಲಿ ಮಹಾರ್ ವತನದ ವಿರುದ್ಧ ಮಸೂದೆ ತಂದದ್ದು ಇಂಥ ಚಾಕರಿಯ ಹಗ್ಗ ಬಿಚ್ಚಲಿಕ್ಕೆ. ಜೀತ ರದ್ದತಿ ಕಾಯಿದೆ ಬರಲು 1976ರವರೆಗೆ ಕಾಯಬೇಕಾಯಿತು.

ಹೀಗಿರುವಾಗ ಡಿಗ್ರಿ ಮುಗಿಸಿದ ನಾವು ನಾಲ್ಕು ಜನ, ಕೇರಿಯ ಮಕ್ಕಳಿಗೆ ಸಂಜೆ ಪಾಠ ಹೇಳಿಕೊಡ್ತೀವಿ, ಕಾಸು ತಗಳಲ್ಲ ಅಂದಾಗ ನಮ್ಮ ಅವ್ವಂದಿರು ಕೇಳಿದ್ದು ನ್ಯಾಯವಾಗಿಯೇ ಇತ್ತು: “ನಿಮ್ಮಪ್ಪದೀರು ಗೌಡ್ರ ಹೊಲ್ದಲ್ಲಿ ಬಿಟ್ಟಿ ಗೇದ್ರು. ಓದ್ಕಂಡಿರೋ ನೀವೂ ಬಿಟ್ಟಿ ಗೇಯ್ತೀರೇನ್ರಲಾ?”

ಈ ಪ್ರಶ್ನೆಗೆ ಉತ್ತರ ಕೊಡದೆ ಸಮಾಜಸೇವೆಯ ಮಾತಾಡುವ ಹಕ್ಕು ನಮಗಿಲ್ಲ. ಬಿಟ್ಟಿ ಚಾಕರಿಯಲ್ಲಿ ಬೆವರು ನಮ್ಮದು, ಫಸಲು ಊರಿನದು. ಇಲ್ಲಿ ಫಸಲು ಯಾರ ಮನೆಗೆ ಹೋಗ್ತದೆ ಅನ್ನುವುದನ್ನು ನೋಡಬೇಕು.

ನಮ್ಮ ಕೇರಿಯ ಅಂಬೇಡ್ಕರ್ ಭವನದಲ್ಲಿ ಕಂಟ್ರಾಕ್ಟರನ ಸಿಮೆಂಟ್ ಮೂಟೆಗಳಿದ್ದವು. ಪಂಚಾಯ್ತಿಗೆ ಅರ್ಜಿ ಮೇಲೆ ಅರ್ಜಿ ಬರೆದು ಬೀಗದ ಕೈ ಪಡೆಯಲು ಮೂರು ತಿಂಗಳು ಹಿಡಿಯಿತು. ಮೊದಲ ಸಂಜೆ ಬಂದವರು ಹನ್ನೊಂದು ಮಕ್ಕಳು. ಅವರಲ್ಲಿ ಎಸ್ಸೆಸ್ಸೆಲ್ಸಿ ಪಾಸಾದ ಒಬ್ಬ ಹುಡುಗಿಯನ್ನು ಗಾರ್ಮೆಂಟ್ಸಿಗೆ ಕಳಿಸಲು ಮನೆಯಲ್ಲಿ ಮಾತಾಗಿತ್ತು. ಆಧಾರಿನಲ್ಲಿ ಒಂದು ಹೆಸರು, ಶಾಲೆಯ ದಾಖಲೆಯಲ್ಲಿ ಇನ್ನೊಂದು. ಒಂದಕ್ಷರದ ವ್ಯತ್ಯಾಸಕ್ಕೆ ವಿದ್ಯಾರ್ಥಿವೇತನ ನಿಂತುಹೋಗಿತ್ತು. ನಾಡಕಚೇರಿಗೆ ಅಲೆದೆವು. ಜಾತಿ, ಆದಾಯದ ಪತ್ರ ಮಾಡಿಸಿದೆವು, ಹೆಸರು ತಿದ್ದಿಸಿದೆವು. ಆಕೆ ಈಗ ಪಿಯುಸಿ ಓದುತ್ತಿದ್ದಾಳೆ.

ಮಕ್ಕಳನ್ನು ಕರೆಯಲು ಬಂದ ಹೆಂಗಸರು ಬಾಗಿಲಲ್ಲೇ ಕೂತು ಅಕ್ಷರ ತಿದ್ದತೊಡಗಿದರು. ಅರವತ್ತು ದಾಟಿದ ಒಬ್ಬ ದೊಡ್ಡವ್ವ ಅಂಕಿ ಕಲಿತಳು. ಒಂದು ದಿನ ಸಾಲದ ಪುಸ್ತಕ ತಂದು, ಬೆರಳಿಟ್ಟು ತೋರಿಸಿ, “ನಾನು ಕಟ್ಟಿರೋ ಎಲ್ಡು ಕಂತು ಇಲ್ಲಿ ಏರೇ ಇಲ್ವಲ್ಲೋ ಮಗ” ಅಂದಳು. ವಸೂಲಿಗೆ ಬಂದವನ ಎದುರು ಕೇರಿಯ ಹೆಂಗಸರೆಲ್ಲ ನಿಂತರು. ಎರಡೂ ಕಂತು ಏರಿದವು.

ಇದೇ ನಮ್ಮ ಕೂಲಿ. ಕೆಲಸ ಸಿಗದೆ ಅಲೆಯುವಾಗ ‘ಓದಿ ಕೆಟ್ಟೋರು’ ಅನ್ನಿಸಿಕೊಂಡಿದ್ದ ನಮ್ಮನ್ನು ಈಗ ‘ಮೇಷ್ಟ್ರು’ ಅಂತಾರೆ. ನಾಲ್ಕು ಜನರ ಎದುರು ನಡುಗದೆ ಮಾತಾಡುವುದು, ಅಧಿಕಾರಿಯ ಮುಂದೆ ಕೂತು ಕಾಯಿದೆಯ ಹೆಸರು ಹೇಳುವುದು ನಮಗೆ ಬಂದದ್ದು ಕಾಲೇಜಿನಲ್ಲಲ್ಲ, ಆ ಭವನದಲ್ಲಿ. ಕವಿತೆ ಬರೆಯುವ ನಮಗೆ ಸಿಕ್ಕದ್ದು ಮಾತು. ದೊಡ್ಡವ್ವನಂಥವರ ಬಾಯಲ್ಲಿರುವ ಮಾತಿಗೆ ಯಾವ ನಿಘಂಟೂ ಸಾಟಿಯಿಲ್ಲ.

ಆದರೆ ಒಂದು ಎಚ್ಚರ ಬೇಕು. 6ರಿಂದ 14 ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣ ಕೊಡುವುದು ಸರ್ಕಾರದ ಹೊಣೆ ಎಂದು 2009ರ ಕಾಯಿದೆ ಹೇಳುತ್ತದೆ. ನಮ್ಮ ಸಂಜೆಪಾಠ ಆ ಹೊಣೆಯನ್ನು ಮನ್ನಾ ಮಾಡುವ ಚೀಟಿಯಾಗಬಾರದು. ಒಂದು ಕೈಯಲ್ಲಿ ಬಳಪ, ಇನ್ನೊಂದರಲ್ಲಿ ಅರ್ಜಿ ಇರಲಿ. ಫುಲೆ ದಂಪತಿ ದುಡಿಯುವ ಜನರಿಗೆ ರಾತ್ರಿ ಶಾಲೆ ತೆರೆದರು. ಪುರೋಹಿತಶಾಹಿಯ ವಿರುದ್ಧ ಜಗಳವನ್ನೂ ಬಿಡಲಿಲ್ಲ. ಬಾಬಾಸಾಹೇಬರು 1924ರಲ್ಲಿ ಬಹಿಷ್ಕೃತ ಹಿತಕಾರಿಣಿ ಸಭಾ ಕಟ್ಟಿದರು. ಮೂರೇ ವರ್ಷಕ್ಕೆ, 1927ರಲ್ಲಿ, ಮಹಾಡದ ಕೆರೆಯ ನೀರು ಮುಟ್ಟಿದರು. ಕಲಿಸುವುದೂ ಕಾದುವುದೂ ಅವರಿಗೆ ಎರಡಾಗಿರಲಿಲ್ಲ.

ಶುರು ಮಾಡಲು ಭಾಷಣ ಬೇಡ, ಬ್ಯಾನರ್ ಬೇಡ. ಕೂಲಿಯಿಂದ ಜನ ಮನೆಗೆ ಬರುವ ಹೊತ್ತು ಯಾವುದೆಂದು ತಿಳಿದುಕೊಳ್ಳಿ. ಮೊದಲು ಹೆಂಗಸರನ್ನು ಕೇಳಿ. ಯಾರ ಮಗು ಶಾಲೆ ಬಿಟ್ಟಿದೆ, ಯಾರ ಪಿಂಚಣಿ ನಿಂತಿದೆ ಅವರಿಗೆ ಗೊತ್ತು. ವಾರಕ್ಕೆ ಎರಡೇ ದಿನವಾದರೂ ಸರಿ, ಹೇಳಿದ ದಿನ ತಪ್ಪಬೇಡಿ. ಯಾರಾದರೂ ಹತ್ತು ರೂಪಾಯಿ ಕೊಟ್ಟರೂ ಪುಸ್ತಕದಲ್ಲಿ ಬರೆದು ಕೇರಿಯ ಎದುರು ಓದಿಹೇಳಿ. ನಮ್ಮ ಜನ ಮೋಸ ಕಂಡವರು, ಲೆಕ್ಕ ನೋಡಿ ನಂಬುತ್ತಾರೆ.

ರಜಕ್ಕೆ ಊರಿಗೆ ಹೊರಟ ಹಾಸ್ಟೆಲ್ಲಿನ ಗೆಳೆಯರೇ, ಬಸ್ಸಿಳಿದ ಮಾರನೇ ದಿನ ಒಂದು ಮಾತು ಕೇಳಿ: ನಿಮ್ಮ ಕೇರಿಯ ಭವನದ ಬೀಗದ ಕೈ ಯಾರ ಹತ್ತಿರ ಇದೆ?