ಮಸಿ ಹಿಡಿದ ತೊಲೆ

ಹಾನಗಲ್ಲಿನ ತಾರಕೇಶ್ವರ ದೇವಾಲಯದ ಕಮಲದ ಚಾವಣಿ ಕಲ್ಲಿನದು; ಶತಮಾನಗಳಿಂದ ನಿಂತಿದೆ. ಅದೇ ಊರಿನ ನಮ್ಮ ಮನೆಯ ಮಾಳಿಗೆಯಾದರೋ ಮರದ್ದು. ಒಂದು ಮಳೆಗಾಲದಲ್ಲಿ ಅದು ಸೋರತೊಡಗಲು ದುರಸ್ತಿಗೆ ಕೈಹಾಕಿದೆವು.

ಅಡುಗೆಮನೆಯ ಮಸಿ ಹಿಡಿದ ತೊಲೆಗಳನ್ನು ಮೊದಲು ತೆಗೆಯಬೇಕೆಂದು ನಾನು ಹೇಳಿದೆ. ವೃದ್ಧ ಬಡಗಿ ಒಪ್ಪಲಿಲ್ಲ. ಪ್ರತಿಯೊಂದು ತೊಲೆಯನ್ನೂ ಸುತ್ತಿಗೆಯಿಂದ ತಟ್ಟಿ ಆಲಿಸಿದ. ಪಡಸಾಲೆಯ ಬಣ್ಣ ಬಳಿದ ತೊಲೆಯೇ ಪೊಳ್ಳು ಸದ್ದು ಮಾಡಿತು. ಗೋಡೆಯೊಳಗೆ ಹುದುಗಿದ್ದ ಅದರ ತುದಿಯನ್ನು ತೇವ ಕೊಳೆಸಿತ್ತು. ಒಡಲನ್ನು ಗೆದ್ದಲು ತಿಂದಿತ್ತು. ಆಧಾರದ ಕಂಬಗಳನ್ನು ನಿಲ್ಲಿಸಿ, ಜಂತಿಗಳ ಭಾರವನ್ನು ಅವಕ್ಕೆ ಹೊರಿಸಿದ ಬಳಿಕವೇ ಅದನ್ನು ಇಳಿಸಿದರು.

ಮಸಿಯ ತೊಲೆಗಳು ಗಟ್ಟಿಯಾಗಿದ್ದವು. "ಒಲೆಯ ಹೊಗೆ ಇವನ್ನು ಹುಳುವಿನಿಂದ ಕಾಯ್ದಿದೆ" ಎಂದ ಬಡಗಿ. ಅದೇ ಹೊಗೆಯಲ್ಲಿ ನನ್ನ ತಾಯಿ ನಲವತ್ತು ವರ್ಷ ಕಣ್ಣೊರೆಸಿಕೊಳ್ಳುತ್ತ ಅಡುಗೆ ಮಾಡಿದ್ದಳು. ಆ ಮಸಿಗಾಗಿ ನೆಂಟರೆದುರು ನಾಚುತ್ತಿದ್ದ ನಾನು ಅಂದು ತಲೆ ತಗ್ಗಿಸಿದೆ. ಆ ತೊಲೆಗಳು ಇಂದಿಗೂ ನಮ್ಮ ಮಾಳಿಗೆಯನ್ನು ಹೊತ್ತಿವೆ.