ಗಾಜಿನ ಕೋಣೆಯ ಬೇಸಿಗೆ

ದಾವಣಗೆರೆಯ ಆ ಮನೆಯಲ್ಲಿ ಮಗಳಿಗೆ ಓದಲು ಬೇರೆ ಕೋಣೆ ಇರಲಿಲ್ಲ. ತಂದೆ ಮಹಡಿಯ ಪಡುವಣ ಬಾಲ್ಕನಿಗೆ ಮೂರು ಕಡೆ ಗಾಜು, ಮೇಲೆ ತಗಡಿನ ಶೀಟು ಹಾಕಿಸಿ ಒಂದು ಕೋಣೆ ಮಾಡಿಸಿದರು. ಮಳೆಗಾಲ, ಚಳಿಗಾಲಗಳಲ್ಲಿ ಅದು ಸ್ವರ್ಗ. ಬೇಸಿಗೆ ಬಂದದ್ದೇ ತಡ, ಮಧ್ಯಾಹ್ನ ಎರಡರ ನಂತರ ಅಲ್ಲಿ ಕಾಲಿಡುವಂತಿರಲಿಲ್ಲ. ಸಿಇಟಿಗೆ ಉಳಿದದ್ದು ಮೂರೇ ವಾರ.

ತಂದೆ ಯಾರನ್ನೂ ಕೇಳಲಿಲ್ಲ. ಕಂತಿನ ಮೇಲೆ ಒಂದು ಟನ್ನಿನ, ಗಾಲಿಗಳಿರುವ ಎ.ಸಿ. ತಂದರು. ಅದರ ದಪ್ಪ ಕೊಳವೆಯನ್ನು ಕಿಟಕಿಯಿಂದ ಹೊರಕ್ಕೆ ಬಿಟ್ಟರು. ಯಂತ್ರ ಗುಡುಗಿತೇ ಹೊರತು ಕೋಣೆ ತಣಿಯಲಿಲ್ಲ. ಗೋಡೆಯ ಉಷ್ಣಮಾಪಕ 35 ಡಿಗ್ರಿ ಬಿಟ್ಟು ಕದಲಲಿಲ್ಲ. ಮಗಳು ಪುಸ್ತಕ ಎತ್ತಿಕೊಂಡು ಅಡುಗೆಮನೆಗೆ ಬಂದು ಕುಳಿತಳು. ತಂದೆಗೆ ಅದು ನುಂಗಲಾರದ ತುತ್ತಾಯಿತು. "ಸಾಲ ಮಾಡಿ ತಂದದ್ದು ಯಾರಿಗೆ?" ಎಂದು ರೇಗಿದರು.

ಮಗಳು ಎದುರಾಡಲಿಲ್ಲ. ಒಂದು ಊದುಬತ್ತಿ ಹಚ್ಚಿ ತಂದು, ಯಂತ್ರ ನಡೆಯುತ್ತಿದ್ದಾಗ ಗಾಜಿನ ಚೌಕಟ್ಟಿನ ಸಂದಿಗೆ ಹಿಡಿದಳು. ಹೊಗೆ ರಭಸದಿಂದ ಒಳಕ್ಕೆ ಬಾಗಿತು.

"ನೋಡ್ರಿ ಅಪ್ಪಾಜಿ, ಕೊಳವೆ ಕೋಣೆಯ ಗಾಳಿಯನ್ನೇ ಹೊರಗೆ ದಬ್ಬುತ್ತಿದೆ. ಅಷ್ಟೇ ಬಿಸಿಗಾಳಿ ಸಂದಿಗಳಿಂದ ಒಳಗೆ ಬರುತ್ತಿದೆ."

ಹಾಳೆಯ ಮೇಲೆ ಒಂದು ಲೆಕ್ಕವನ್ನೂ ಬರೆದಳು. ಎ.ಸಿ.ಯ ‘ಟನ್’ ಯಂತ್ರದ ತೂಕವಲ್ಲ. ಸುಮಾರು 907 ಕಿಲೋ ಮಂಜುಗಡ್ಡೆ 24 ಗಂಟೆಗಳಲ್ಲಿ ಕರಗುವಾಗ ಹೀರುವ ಶಾಖದ ಅಳತೆ ಅದು. ಅಂದರೆ ಸುಮಾರು 3.5 ಕಿಲೋವಾಟ್. ಇಳಿಹೊತ್ತಿನ ಬಿಸಿಲು ಪಡುವಣ ಗಾಜಿನ ಪ್ರತಿ ಚದರ ಮೀಟರಿನ ಮೂಲಕ ಅರ್ಧ ಕಿಲೋವಾಟಿನಷ್ಟು ಶಾಖ ತರಬಲ್ಲದು. ಆ ದಿಕ್ಕಿನ ಗಾಜೇ ಐದು ಚದರ ಮೀಟರ್. ಎರಡೂವರೆ ಕಿಲೋವಾಟ್ ಅದಕ್ಕೇ ಸರಿಹೋಯಿತು. ಮೇಲೆ ಕಾದ ತಗಡು, ಸಂದಿಯ ಗಾಳಿ ಬೇರೆ. ಗಾಜು ಬಿಸಿಲನ್ನು ಒಳಗೆ ಬಿಡುತ್ತದೆ. ಕಾದ ನೆಲ, ಮೇಜುಗಳು ಸೂಸುವ ಉಷ್ಣಕಿರಣಗಳನ್ನು ಹಾಗೇ ಹೊರಕ್ಕೆ ಬಿಡದು. ಆದ್ದರಿಂದ ಒಳಗೆ ಪರದೆ ಎಳೆದರೆ ಸಾಲದು. ಬಿಸಿಲನ್ನು ಗಾಜಿನ ಹೊರಗೇ ತಡೆಯಬೇಕು.

"ತೂತು ಕೊಡಕ್ಕೆ ಎಷ್ಟು ನೀರು ಹೊಯ್ದರೇನು ಬಂತಪ್ಪಾ?" ಎಂದರು ಅಜ್ಜಿ.

ಭಾನುವಾರ ಮನೆಮಂದಿಯೆಲ್ಲ ಮಹಡಿ ಏರಿದರು. ಗಾಜಿನ ಹೊರಗೆ ಬಿದಿರಿನ ಚಾಪೆ ಇಳಿಬಿಟ್ಟರು. ತಗಡಿಗೆ ದಪ್ಪಗೆ ಸುಣ್ಣ ಬಳಿದರು. ಸಂದಿಗಳನ್ನು ಮುಚ್ಚಿ, ಬಿಸಿಯಾಗುವ ಕೊಳವೆಗೆ ಹಳೆಯ ಕಂಬಳಿ ಸುತ್ತಿದರು. ಮನೆಯೊಳಗಿನ ಬಾಗಿಲನ್ನು ಮಾತ್ರ ತುಸು ತೆರೆದಿಟ್ಟರು. ಬರುವ ಗಾಳಿ ತಂಪಾದ ನಡುಮನೆಯಿಂದಲೇ ಬರಲಿ ಎಂದು.

ಮರುದಿನ ಮಧ್ಯಾಹ್ನ ಉಷ್ಣಮಾಪಕ 30ಕ್ಕೆ ಇಳಿದಿತ್ತು. ಊಟಿಯೇನೂ ಆಗಲಿಲ್ಲ, ಓದಲು ಅಷ್ಟು ಸಾಕಾಗಿತ್ತು.

ಕಂತುಗಳು ಇನ್ನೂ ಹನ್ನೊಂದು ಇದ್ದವು. ತಂದೆ ಆ ಲೆಕ್ಕದ ಹಾಳೆಯನ್ನು ಮಡಚಿ ಜೇಬಿಗೆ ಹಾಕಿಕೊಂಡರು. "ತರೋಕೆ ಮುಂಚೆ ನಿನ್ನ ಒಂದು ಮಾತು ಕೇಳಬೇಕಿತ್ತು ನೋಡವ್ವಾ" ಎಂದರು.

ಮಕ್ಕಳಿಗಾಗಿ ಸಾಲ ಮಾಡುವ ಹೆತ್ತವರು ಬಹಳ. ಅವರು ಓದಿದ್ದೇನೆಂದು ಕೂತು ಕೇಳುವವರು ಕಡಿಮೆ. ಭೌತಶಾಸ್ತ್ರದ ಪುಸ್ತಕ ಪರೀಕ್ಷೆಗೆ ಮೊದಲೇ ಆ ಮನೆಗೆ ಉಪಯೋಗಕ್ಕೆ ಬಂದಿತ್ತು.