ಕುಮಾರರಾಮನ ಕಥೆಯೂ ಮನೆಯ ಮಕ್ಕಳೂ

ತುಂಗಭದ್ರೆಯ ತೆಂಕಣ ದಡದಲ್ಲಿರುವ ನಮ್ಮ ಬುಕ್ಕಸಾಗರವು ಹೆಸರಿನಲ್ಲಿಯೇ ಇತಿಹಾಸವನ್ನು ಹೊತ್ತುಕೊಂಡಿರುವ ಊರು. ಆ ಹೆಸರನ್ನು ಕೇಳಿದೊಡನೆ ಬುಕ್ಕರಾಯನೂ ವಿಜಯನಗರದ ವೈಭವವೂ ನೆನಪಿಗೆ ಬರುವುದು ಸಹಜವೇ. ಆದರೆ 1336ರಲ್ಲಿ ಆ ರಾಜ್ಯವು ತಲೆಯೆತ್ತುವುದಕ್ಕೆ ಮುನ್ನ, ಸುಮಾರು 1327ರಲ್ಲಿ, ಇದೇ ಸೀಮೆಯ ಕಂಪಿಲಿಯ ಸಣ್ಣ ರಾಜ್ಯವು ದಿಲ್ಲಿಯ ಸೈನ್ಯಕ್ಕೆ ಎದುರಾಗಿ ನಿಂತು ಅಳಿದುಹೋಯಿತು. ಹೊಳೆಯಾಚೆಯ ಕುಮ್ಮಟದುರ್ಗವೂ ಸಂಡೂರ ಕಡೆಯ ಬೆಟ್ಟಗಳೂ ಆ ರಾಜ್ಯದ ರಾಜಕುಮಾರನನ್ನು ಈ ಹೊತ್ತಿಗೂ ಮರೆತಿಲ್ಲ. ಅವನೇ ಗಂಡುಗಲಿ ಕುಮಾರರಾಮನು.

ಅವನ ಕಥೆಯನ್ನು 16ನೆಯ ಶತಮಾನದಲ್ಲಿ ನಂಜುಂಡಕವಿಯು ಸಾಂಗತ್ಯದಲ್ಲಿ ಹಾಡಿದನು. ಜನಪದರು ತಮಗೆ ತೋರಿದಂತೆ ಹಾಡಿಕೊಂಡರು. 2006ರಲ್ಲಿ ಅದು ಚಲಚ್ಚಿತ್ರವೂ ಆಯಿತು. ಬಾಲ್ಯವು ಕಳೆದು ಯೌವನವಿನ್ನೂ ಬಾರದ ನಮ್ಮ ಹುಡುಗಹುಡುಗಿಯರಿಗೆ ಇಂತಹ ಕಥೆಯನ್ನು ಕಾದಂಬರಿಯ ರೂಪದಲ್ಲಿ ಕೊಡಬೇಕೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಹಾಗೆ ಕೊಡುವಾಗ ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು ಎಂಬುದೇ ಪ್ರಶ್ನೆ.

ಕಥೆಯು ವಾಚಕರಲ್ಲಿ ಅನೇಕರಿಗೆ ತಿಳಿದಿರುವುದಷ್ಟೆ. ಚೆಂಡಾಟದಲ್ಲಿ ರಾಮನ ಚೆಂಡು ಕಿರಿಯ ರಾಣಿ ರತ್ನಾಜಿಯ ಅರಮನೆಯೊಳಕ್ಕೆ ಬೀಳುತ್ತದೆ. ಅದನ್ನು ತರಹೋದ ಕುಮಾರನನ್ನು ಅವಳು ಮೋಹಿಸುತ್ತಾಳೆ. ನೀನು ನನಗೆ ತಾಯಿಯೆಂದು ಅವನು ಹಿಂದಿರುಗಲು, ಅವನ ಮೇಲೆಯೇ ಅಪವಾದವನ್ನು ಹೊರಿಸುತ್ತಾಳೆ. ಕಂಪಿಲರಾಯನು ವಿಚಾರಿಸದೆ ಮಗನ ತಲೆಯನ್ನು ತರುವಂತೆ ಅಪ್ಪಣೆ ಮಾಡುತ್ತಾನೆ. ಮಂತ್ರಿ ಬೈಚಪ್ಪನಾದರೋ ಕುಮಾರನನ್ನು ನೆಲಮನೆಯಲ್ಲಿ ಅಡಗಿಸಿಟ್ಟು ಬೇರೆ ತಲೆಯನ್ನು ತೋರಿಸುತ್ತಾನೆ. ಶತ್ರುವು ಬಾಗಿಲಿಗೆ ಬಂದಾಗ ಸತ್ತನೆಂದುಕೊಂಡಿದ್ದ ಮಗನು ಎದ್ದುಬಂದು, ತಲೆ ಕೇಳಿದ ತಂದೆಗಾಗಿಯೇ ಕಾದುತ್ತಾನೆ.

ಒಂದು ಸಂಜೆ ನಮ್ಮ ಮನೆಯ ಪಡಸಾಲೆಯಲ್ಲಿ ಮಕ್ಕಳನ್ನು ಕೂಡಿಸಿಕೊಂಡು ನಾವು ಈ ಕಥೆಯನ್ನು ಹೇಳುತ್ತಿದ್ದೆವು. ರತ್ನಾಜಿಯ ಪ್ರಸಂಗವು ಸಮೀಪಿಸಿದಾಗ ನಮ್ಮ ಅತ್ತೆಯವರು, “ಅದನ್ನು ಬಿಟ್ಟು ಯುದ್ಧಕ್ಕೆ ಹೋಗಿರಿ” ಎಂದು ಮೆಲ್ಲನೆ ಎಚ್ಚರಿಸಿದರು. ಅವರ ಸಂಕೋಚಕ್ಕೆ ಮತ್ತೊಂದು ಕಾರಣವೂ ಉಂಟು. ಮಕ್ಕಳ ನಡುವೆ ನೆರೆಮನೆಯ ಹುಡುಗಿಯೊಬ್ಬಳು ಕುಳಿತಿದ್ದಳು. ಅವಳನ್ನು ಸಾಕುತ್ತಿರುವವಳು ಮಲತಾಯಿ. ಆದರೂ ನಾವು ಬಿಡದೆ, ಹೇಳಬಹುದಾದ ಮಾತಿನಲ್ಲಿ ಹೇಳಿದೆವು. ದೊಡ್ಡವರ ಕಣ್ಣುಗಳೆಲ್ಲ ಆ ಹುಡುಗಿಯ ಮುಖದ ಮೇಲೆ. ಅವಳು ಮಲತಾಯಿಯ ವಿಷಯವನ್ನು ಎತ್ತಲೇ ಇಲ್ಲ. “ಅವರಪ್ಪ ಅವನನ್ನ ಒಂದು ಮಾತು ಕೇಳಬಾರದಾಗಿತ್ತೇನ್ರಿ?” ಎಂದಳು. ನಮ್ಮಲ್ಲಿ ಯಾರಿಗೂ ಒಡನೆಯೇ ಉತ್ತರವು ತೋಚಲಿಲ್ಲ.

ಆ ಪ್ರಶ್ನೆಯಲ್ಲಿಯೇ ಕಥೆಯ ತಿರುಳಿದೆಯೆಂದು ನಮಗೆ ತೋರುತ್ತದೆ. ಇತಿಹಾಸದ ಕಂಪಿಲರಾಯನು ಸಾಮಾನ್ಯನಲ್ಲ. ಸುಲ್ತಾನ ಮುಹಮ್ಮದ್ ಬಿನ್ ತುಘಲಕನ ಸೋದರತ್ತೆಯ ಮಗನಾದ ಬಹಾಉದ್ದೀನನು ದಂಗೆಯೆದ್ದು ಸೋತು ಬಂದಾಗ ಅವನಿಗೆ ಆಶ್ರಯವಿತ್ತವನು ಈತನೇ. ಮರೆಹೊಕ್ಕವನನ್ನು ಒಪ್ಪಿಸದೆ, ಕಡೆಗೆ ಅವನನ್ನು ಬೇರೊಬ್ಬ ಅರಸನ ಬಳಿಗೆ ಕಳುಹಿಸಿ, ತಾನು ಹೋರಾಡಿ ಮಡಿದನೆಂದೂ, ಅರಮನೆಯ ಹೆಂಗಸರು ಅಗ್ನಿಪ್ರವೇಶ ಮಾಡಿದರೆಂದೂ ಪ್ರವಾಸಿಯಾದ ಇಬ್ನ್ ಬತೂತನು ಬರೆದಿಟ್ಟಿದ್ದಾನೆ. ಪರಕೀಯನೊಬ್ಬನ ಮಾತಿಗೆ ಕಿವಿಗೊಟ್ಟು ರಾಜ್ಯವನ್ನೇ ತೆತ್ತ ಇಂತಹ ಅರಸನು, ಕಥೆಯೊಳಗೆ ಸ್ವಂತ ಮಗನಿಗೆ ಒಂದು ಮಾತಿನ ಅವಕಾಶವನ್ನು ಕೊಡಲಿಲ್ಲ! ಹೊರಗೆ ಧರ್ಮಿಷ್ಠರಾದವರು ಮನೆಯೊಳಗೆ ದುಡುಕುವುದು ಅರಮನೆಗಳಲ್ಲಿ ಮಾತ್ರವೇ ನಡೆಯುವುದೆ?

ಆದಕಾರಣ ಈ ಕಥೆಯನ್ನು ಎಳೆಯರಿಗಾಗಿ ಬರೆಯುವ ಲೇಖಕರಲ್ಲಿ ನಮ್ಮ ಬಿನ್ನಹವಿಷ್ಟೆ. ರತ್ನಾಜಿಯ ಪ್ರಸಂಗವನ್ನು ಬಿಡಬೇಡಿರಿ; ಅದನ್ನು ಬಿಟ್ಟರೆ ರಾಮನು ಕತ್ತಿ ಹಿಡಿದ ನೂರು ವೀರರಲ್ಲಿ ಒಬ್ಬನಾಗುವನು. ಅವನನ್ನು ಜನರು ಪರನಾರೀಸಹೋದರನೆಂದು ಕರೆದದ್ದು ಆ ಸಂಯಮಕ್ಕಾಗಿಯೇ. ರತ್ನಾಜಿಯ ತಪ್ಪನ್ನು ಮುಚ್ಚಬೇಕಾಗಿಲ್ಲ; ಆದರೆ ಅದು ಮಲತಾಯಿಯರೆಲ್ಲರ ತಪ್ಪೆಂಬಂತೆಯೂ ಬರೆಯಬಾರದು. ವೃದ್ಧನಾದ ಅರಸನ ಅಂತಃಪುರದಲ್ಲಿ ಎಳೆಯ ಹೆಣ್ಣಿನ ಬಾಳು ಹೇಗಿದ್ದಿತೆಂದು ಎರಡು ಮಾತು ಹೇಳಿದರೆ ಓದುವ ಮಕ್ಕಳು ಕೆಡಲಾರರು. ಬೈಚಪ್ಪನನ್ನೂ ಮರೆಯಬೇಡಿರಿ: ಅನ್ಯಾಯದ ಅಪ್ಪಣೆಯನ್ನು ಪಾಲಿಸದಿರುವುದೂ ಸ್ವಾಮಿಭಕ್ತಿಯೇ ಎಂಬುದನ್ನು ಅವನಷ್ಟು ಚೆನ್ನಾಗಿ ಕಲಿಸುವವರು ವಿರಳ. ಅವನು ತೋರಿಸಿದ ತಲೆ ಯಾರದೆಂದು ಮಗುವೊಂದು ಕೇಳಿದರೆ ಆ ಕಠಿಣ ಪ್ರಶ್ನೆಯನ್ನೂ ತಳ್ಳಿಹಾಕಬಾರದು. ಕಡೆಯ ಸೋಲನ್ನು ಗೆಲುವಾಗಿ ತಿದ್ದುವ ಆಸೆಯೂ ಬೇಡ. ಹಕ್ಕಬುಕ್ಕರು ಮೊದಲು ಕಂಪಿಲಿಯ ಸೇವೆಯಲ್ಲಿದ್ದರೆಂಬ ಐತಿಹ್ಯವುಂಟು. ಒಂದು ಸೋಲಿನಿಂದ ಎಲ್ಲವೂ ಮುಗಿಯುವುದಿಲ್ಲವೆಂಬುದಕ್ಕೆ ಅದೇ ಸಾಕು.

ಇನ್ನು ತಾಯಿತಂದೆಗಳಿಗೆ ಒಂದು ಮಾತು. ಇಂತಹ ಪುಸ್ತಕವು ಮನೆಗೆ ಬಂದರೆ ಮಕ್ಕಳ ಕೈಗೆ ಕೊಟ್ಟು ಸುಮ್ಮನಾಗದೆ ನೀವೂ ಓದಿರಿ. ಮಗನ ಮೇಲಾಗಲಿ ಮಗಳ ಮೇಲಾಗಲಿ ನಾಳೆ ಯಾರಾದರೂ ದೂರು ತಂದಾಗ, ತೀರ್ಪನ್ನು ಕೊಡುವ ಮೊದಲು ಆ ಮಗುವನ್ನು ಹತ್ತಿರ ಕರೆದು ಒಂದು ಮಾತು ಕೇಳಿರಿ. ಕಂಪಿಲರಾಯನಿಗಾದರೋ ಬೈಚಪ್ಪನಿದ್ದನು, ಎಲ್ಲ ಮನೆಗಳಲ್ಲಿಯೂ ಬೈಚಪ್ಪನಿರುವುದಿಲ್ಲ.